ಬಕೆಟ್ಟಿನೊಳಗಿನ ನೀರು ಯಾರದು

ನೋಟ್‌ಬುಕ್ಕಿನ ಆ ಪುಟದ ಮೊದಲ ಸಾಲು ಹೀಗಿದೆ: ಕೋಣೆ 35. ಸ್ಲ್ಯಾಬಿನ ಕೆಳಗೆ 41. ಮೈ 101.4.

ಮೊದಲ ಎರಡು ಅಂಕಿ ನನ್ನ ಕೈಯವು. ಮೂರನೆಯದು ನನ್ನದಲ್ಲ. ಬೇರೆ ಪೆನ್ನು, ಬೇರೆ ಕೈ, ಅಂಕಿಗಳೂ ಮರಾಠಿಯವು. ನರ್ಸೊಬ್ಬಳು ಬಂದು ಜ್ವರ ನೋಡಿ ಬರೆದು ಹೋಗುತ್ತಿದ್ದಳು ಎಂದು ನಾನು ಬಹಳ ಕಾಲ ಹೇಳಿಕೊಂಡು ಬಂದಿದ್ದೆ. ಯಾವ ನರ್ಸನ್ನೂ ನಾನು ಆ ಮನೆಯಲ್ಲಿ ಕಂಡವನಲ್ಲ. ಕಥೆ ಸಲೀಸಾಗಿ ಹೋಗಲಿ ಎಂದು ನೆನಪೇ ಒಬ್ಬಳನ್ನು ನೇಮಿಸಿಕೊಂಡಿರಬೇಕು. ಇಸವಿ ಎರಡು ಸಾವಿರದ ಆರೋ ಏಳೋ, ಅದೂ ಖಾತ್ರಿಯಿಲ್ಲ. ಏಪ್ರಿಲ್ ಎಂಬುದು ಮಾತ್ರ ಖರೆ, ಏಕೆಂದರೆ ಪುಟದ ಮೇಲೆ ನನ್ನ ಬೆವರು ಬಿದ್ದು ಶಾಯಿ ಹರಡಿದೆ.

ಕಾರವಾರದಲ್ಲಿ ಫ್ರಿಜ್ಜು, ಎಸಿ ರಿಪೇರಿಯ ಸಣ್ಣ ಅಂಗಡಿ ನನ್ನದು. ಒಂದು ಭಾನುವಾರ ಕೈಗಾದಲ್ಲಿ ಗುತ್ತಿಗೆ ಕೆಲಸ ಮಾಡುವ ಒಬ್ಬ ಬಂದು ಸ್ಟೂಲಿನ ಮೇಲೆ ಕೂತ. ಪೀಠಿಕೆ ಏನೂ ಇಲ್ಲ.

"ಮಿಸ್ತ್ರಿ, ಕೂಲರ್ ಸಾಕಾ, ವಿಂಡೋ ಎಸಿ ಬೇಕಾ, ಸ್ಪ್ಲಿಟ್ ಬೇಕಾ? ನೀ ಹೇಳಿದ್ದು ತಗಳ್ತೆ. ಒಂದೇ ಸಲ ತಗಳೂದು. ತಪ್ಪಿದ್ರೆ ಮತ್ತೊಂದು ತಗಳೂಕೆ ಆಗೂದಿಲ್ಲ."

"ಯಾರ ಕೋಣೆಗೆ?"

"ತಮ್ಮಂಗೆ. ಸೆಕೆ ಅಂತ ಅಲ್ಲ ಮಾರಾಯಾ, ಔಷಧಿ ಅಂತ ತಿಳ್ಕ."

ತಮ್ಮ ತೆಂಗಿನಮರ ಹತ್ತುತ್ತಿದ್ದವನು. ಹಿಂದಿನ ಮಳೆಗಾಲ ಮುಗಿದ ಮೇಲೆ ಮರದಿಂದ ಬಿದ್ದು ಕುತ್ತಿಗೆಯ ಹತ್ತಿರ ಬೆನ್ನುಹುರಿಗೆ ಪೆಟ್ಟಾಗಿತ್ತು. ಕೈಕಾಲು ಆಡದಂತಾದದ್ದು ಎಲ್ಲರಿಗೂ ಕಾಣುತ್ತಿತ್ತು. ಕಾಣದ ಇನ್ನೊಂದು ತೊಂದರೆಯನ್ನು ಡಾಕ್ಟರರು ಹೇಳಿ ಕಳಿಸಿದ್ದರು. ಪೆಟ್ಟಾದ ಜಾಗದಿಂದ ಕೆಳಗೆ ಅವನ ಮೈ ಬೆವರುವುದಿಲ್ಲ. ಬೆವರದ ಮೈ ಕೋಣೆಯ ಜೊತೆಗೇ ಕಾಯುತ್ತದೆ. ಬೇಸಿಗೆಯಲ್ಲಿ ಕೋಣೆಯನ್ನು ತಂಪಾಗಿ ಇಟ್ಟುಕೊಳ್ಳಲಾಗದಿದ್ದರೆ ಜ್ವರ ಏರಿ ಜೀವಕ್ಕೇ ಕುತ್ತು ಬರಬಹುದು. ನೂರಾ ಎರಡರ ಮೇಲೆ ಹೋದರೆ ಎತ್ತಿಕೊಂಡು ಬನ್ನಿ ಎಂದಿದ್ದರಂತೆ. ಮಾರ್ಚಿನಲ್ಲೇ ಎರಡು ಸಲ ಎತ್ತಿಕೊಂಡು ಹೋಗಿದ್ದರು.

ಮನೆ ಅಮದಳ್ಳಿ ದಾಟಿ ಅಂಕೋಲೆಯ ಕಡೆ ಹೋಗುವಾಗ ಹೆದ್ದಾರಿಯಿಂದ ಒಳಗೆ, ನೌಕಾನೆಲೆಗೆ ಜಾಗ ಬಿಟ್ಟು ಚೆಂಡಿಯಾದಿಂದ ಎದ್ದುಬಂದವರ ಕಾಲೊನಿಯಲ್ಲಿ. ಮೇಲೆ ಬರಿಯ ಸ್ಲ್ಯಾಬು. ಹಗಲೆಲ್ಲ ಬಿಸಿಲು ಕುಡಿದು ಸಂಜೆ ಐದರ ನಂತರ ಅದನ್ನು ಒಳಗೆ ಬಿಡುವ ಜಾತಿಯದು. ತಮ್ಮನ ಕೋಣೆಗೆ ರಸ್ತೆಯ ಕಡೆ ಮರದ ಬಾಗಿಲಿನ ಒಂದು ಕಿಟಕಿ. ಮಂಚವನ್ನು ಅದಕ್ಕೆ ಒತ್ತಿ ಹಾಕಿದ್ದರು. ಅವರ ತಾಯಿ, ಮನೆಯವರು ಕರೆಯುವಂತೆ ನಾನೂ ಆಯಿ ಎನ್ನುತ್ತಿದ್ದೆ, ಒದ್ದೆ ಪಂಚೆಯನ್ನು ಮಗನ ಮೈಮೇಲೆ ಹಾಸಿ ಫ್ಯಾನು ಹಾಕಿದ್ದರು. ಒಣಗಿದ ಹಾಗೆ ಮತ್ತೆ ಅದ್ದಿ ಹಾಸುವುದು. ಬೆಳಗಿನಿಂದ ಸಂಜೆವರೆಗೆ ಅದೇ ಕೆಲಸ.

"ಏನ್ ಮಿಸ್ತ್ರಿ," ಮಲಗಿದ್ದವನೇ ಮೊದಲು ಮಾತಾಡಿಸಿದ. "ನನ್ನ ಫ್ರಿಜ್ಜಲ್ಲಿ ಇಡೂಕೆ ಬಂದ್ಯಾ?"

ಹಣೆಯ ಮೇಲೆ ನಾಲ್ಕು ಹನಿ ಬೆವರಿತ್ತು. ಕುತ್ತಿಗೆಯಿಂದ ಕೆಳಗೆ ಒಣ ಮರದ ಹಾಗೆ.

ಕೇಳಿದ ಕೂಡಲೇ ಇದನ್ನು ತಗೊಳ್ಳಿ ಎಂದು ಹೇಳುವುದು ನನಗೆ ಬರುವುದಿಲ್ಲ. ಮೊದಲು ಎರವಲು ಮಶೀನು ಹಾಕಿ ನೋಡೋಣ, ಆಮೇಲೆ ಕೊಳ್ಳಿ ಎಂದೆ. ಗೋಡೆಗೆ ಒಂದು ಥರ್ಮಾಮೀಟರ್ ತೂಗುಹಾಕಿ, ನೋಟ್‌ಬುಕ್ಕಿನಲ್ಲಿ ಗೆರೆ ಎಳೆದು, ಯಾವ ಹೊತ್ತಿಗೆ ಏನು ಬರೆಯಬೇಕೆಂದು ಅಣ್ಣನಿಗೆ ವಿವರವಾಗಿ ಹೇಳಿದೆ. ಅಣ್ಣ ಬೆಳಿಗ್ಗೆ ಕಂಪನಿ ಬಸ್ಸಿಗೆ ಹೋದರೆ ಕತ್ತಲಾಗುವ ಹೊತ್ತಿಗೆ ಬರುವವನು ಎಂಬುದು ಗೊತ್ತಿದ್ದೂ ಅವನಿಗೇ ಹೇಳಿದೆ. ಆಯಿ ಪಕ್ಕದಲ್ಲೇ ನಿಂತಿದ್ದರು. ಅವರತ್ತ ತಿರುಗಿ ನಾನು ಹೇಳಿದ್ದು ಒಂದೇ ಮಾತು: "ನಾನು ಬಂದು ಅಳತೆ ಮಾಡುವಾಗ ಬಾಗಿಲು ಹಾಕಿರಬೇಕು ಆಯಿ." ಈ ಮಾತನ್ನು ಇಲ್ಲಿ ಯಾಕೆ ಇಷ್ಟು ಸರಿಯಾಗಿ ಬರೆಯುತ್ತಿದ್ದೇನೆ ಎಂಬುದು ಮುಂದೆ ತಿಳಿಯುತ್ತದೆ.

ಮೊದಲು ಕೂಲರ್ ತಂದೆ. ಅದರ ಮೇಲೆ ನನಗೆ ಮೊದಲಿನಿಂದಲೂ ನಂಬಿಕೆಯಿರಲಿಲ್ಲ, ಆದರೆ ನಂಬಿಕೆಯಿಲ್ಲ ಎಂಬುದು ಅಳತೆಯಲ್ಲ. ಒಂದು ಥರ್ಮಾಮೀಟರಿನ ಬುಡಕ್ಕೆ ಒದ್ದೆ ಬತ್ತಿ ಸುತ್ತಿ, ಒಣದರ ಪಕ್ಕ ಹಿಡಿದು ಬೀಸಿದೆ. ಒಣದು 34, ಒದ್ದೆಯದು 29. ನೀರು ಆರುವುದರಿಂದ ಸಿಗುವ ತಂಪಿಗೆ ಈ ಊರಿನಲ್ಲಿ ಆ ಹೊತ್ತು ಅದೇ ತಳ. ಎಷ್ಟು ಒಳ್ಳೆಯ ಕೂಲರ್ ಆದರೂ 29ರ ಕೆಳಗೆ ಇಳಿಯುವ ಹಾಗಿಲ್ಲ. ಇಳಿದದ್ದು 31ಕ್ಕೆ. ಆದರೂ ಮೂರು ಡಿಗ್ರಿ ಕಡಿಮೆಯಾಯಿತಲ್ಲ, ಬೆವರದವನಿಗೆ ಗಾಳಿಯ ತೇವದಿಂದ ಆಗುವುದಾದರೂ ಏನು ಎಂದು ಲೆಕ್ಕ ಹಾಕಿ ಮನೆಗೆ ಹೋದೆ.

ಲೆಕ್ಕದಲ್ಲಿ ಪಂಚೆಯನ್ನು ಹಿಡಿದಿರಲಿಲ್ಲ. ಮೂರನೆಯ ದಿನ ಹೋದಾಗ ಆಯಿ ಪಂಚೆಯನ್ನು ನನ್ನ ಕೈಗೆ ಕೊಟ್ಟರು.

"ನೋಡು. ಬೆಳಿಗ್ಗೆ ಹಾಸಿದ್ದು. ಒಣಗೂದೇ ಇಲ್ಲ. ಮೈ ಕೆಳಗೆಲ್ಲ ಥಂಡಿ ಹಿಡ್ದು ಬೆನ್ನು ಮೆತ್ತಗೆ ಆಗ್ಯದೆ."

ಅವರು ಮಾಡುತ್ತಿದ್ದದ್ದೂ ಕೂಲರಿನ ಕೆಲಸವೇ ಆಗಿತ್ತು, ನನ್ನ ಕೂಲರ್ ಅದನ್ನು ಕೆಡಿಸಿತ್ತು. ಗಾಳಿ ಮೊದಲೇ ನೀರಿನಿಂದ ತುಂಬಿದ್ದರೆ ಮೈಮೇಲಿನ ಬಟ್ಟೆ ಎಲ್ಲಿಗೆ ಆರಬೇಕು? ಮಲಗಿದವನ ಬೆನ್ನು ಮೆತ್ತಗಾದರೆ ಹುಣ್ಣಿಗೆ ಹೆಚ್ಚು ದಿನ ಬೇಕಿಲ್ಲ. ಅದೇ ದಿನ ಕೂಲರನ್ನು ಸ್ಕೂಟರಿನ ಹಿಂದೆ ಕಟ್ಟಿಕೊಂಡು ವಾಪಸು ಬಂದೆ.

ಎರಡನೆಯದು ವಿಂಡೋ. ಲಾಡ್ಜೊಂದರಿಂದ ಬಿಚ್ಚಿದ ಒಂದು ಟನ್ನಿನ ಮಶೀನು ಅಂಗಡಿಯಲ್ಲಿತ್ತು. ನನ್ನ ಮನಸ್ಸು ಅದರ ಕಡೆಗೇ ಇತ್ತು, ಅಣ್ಣನಿಗೆ ಹಾಗೆಂದು ಹೇಳಿಯೂ ಆಗಿತ್ತು. ಕಾರಣ ಉಪ್ಪು. ಕಡಲ ಗಾಳಿಗೆ ಎಸಿಯ ಹೊರಗಿನ ಕಾಯಿಲಿನ ಅಲ್ಯುಮಿನಿಯಂ ಎಲೆಗಳು ಎರಡು ಮೂರು ವರ್ಷದಲ್ಲಿ ಬೂದಿಯಂತೆ ಉದುರುತ್ತವೆ. ವಿಂಡೋ ಒಂದೇ ಡಬ್ಬ. ವರ್ಷಕ್ಕೊಮ್ಮೆ ಎಳೆದು ಅಂಗಳದಲ್ಲಿಟ್ಟು ತೊಳೆಯಬಹುದು. ಸ್ಪ್ಲಿಟ್ಟಿಗೆ ಹೊರಗೊಂದು ಒಳಗೊಂದು ಡಬ್ಬ, ನಡುವೆ ತಾಮ್ರದ ಪೈಪು, ಪೈಪಿಗೆ ನಾಲ್ಕು ಜಾಯಿಂಟು. ಈ ಊರಲ್ಲಿ ಒಂದೊಂದು ಜಾಯಿಂಟೂ ಒಂದೊಂದು ಗ್ಯಾಸ್ ಲೀಕು.

ಇದ್ದ ಒಂದು ಕಿಟಕಿಯಲ್ಲಿ ವಿಂಡೋ ಕೂರಿಸಿ, ಸುತ್ತ ಪ್ಲೈವುಡ್ ಹೊಡೆದು, ಸಂದಿಗಳಿಗೆ ಫೋಮ್ ತುರುಕಿದೆ. ಸ್ಲ್ಯಾಬಿನ ಮೇಲೆ ಹೆಣೆದ ತೆಂಗಿನ ಮಡಲು ಹಾಸಿಸಿದೆ. ಸಂಜೆ ಕರೆಂಟು 190 ವೋಲ್ಟಿಗೆ ಇಳಿಯುತ್ತದೆಂದು ಸ್ಟೆಬಿಲೈಸರ್ ಹಾಕಿದೆ. ಬಾಗಿಲು ಮುಚ್ಚಿ ಒಂದು ಗಂಟೆ ಕಾದೆವು. 26. ಆಯಿ ಮಗನ ಪಾದ ಮುಟ್ಟಿ ನೋಡಿ ಹೊರಗೆ ಹೋದರು.

"ತಂಪು ಬಂತು," ತಮ್ಮ ಹೇಳಿದ. "ರಸ್ತೆ ಹೋಯ್ತು."

ನಾನು ನಕ್ಕೆ. ನಕ್ಕದ್ದು ಯಾಕೆ ಗೊತ್ತಿಲ್ಲ. ಕೆಲಸ ಸರಿಯಾದ ಖುಷಿಗೆ ಇರಬೇಕು.

ನಾಲ್ಕು ದಿನದ ನಂತರ ಅಣ್ಣನ ಫೋನು. "ಮಿಸ್ತ್ರಿ, ಮಶೀನು ತಿರಗ್ತದೆ, ಕೋಣೆ ತಂಪಾಗೂದಿಲ್ಲ. ನಾ ಬಂದು ನೋಡೂದ್ರೊಳಗೆ 31. ಜ್ವರ ಮತ್ತೆ ಬಂದದೆ."

ಮರುದಿನ ಬೆಳಿಗ್ಗೆ ಸ್ಕೂಟರಿನಲ್ಲಿ ಹೋದೆ. ಬಾಗಿಲು ಮುಚ್ಚಿತ್ತು. ಒಳಹೋಗುವ ಗಾಳಿ 31, ಹೊರಬರುವ ಗಾಳಿ 20. ಕರೆಂಟು ಎಳೆಯುವುದು ಸರಿಯಾಗಿದೆ. ಗ್ಯಾಸ್ ಸರಿಯಾಗಿದೆ. ಫಿಲ್ಟರು ಶುಚಿ. ಮುಕ್ಕಾಲು ಗಂಟೆಯಲ್ಲಿ ಕೋಣೆ 27ಕ್ಕೆ ಇಳಿಯಿತು. ನಾನು ಬಂದೆ. ಸಂಜೆ ಅಣ್ಣನ ಅಂಕಿ: 31.

ಮತ್ತೆ ಹೋದೆ, ಮತ್ತೆ ಇಳಿಯಿತು. ಬಂದೆ, ಏರಿತು. ನಾನಿದ್ದಾಗ ಮಾತ್ರ ತಂಪು ಕೊಡುವ ಮಶೀನನ್ನು ನಾನು ಅದುವರೆಗೆ ನೋಡಿರಲಿಲ್ಲ. ನಿಜ ಹೇಳಬೇಕೆಂದರೆ ನನಗೆ ಆ ದಿನಗಳಲ್ಲಿ ರೋಗಿಗಿಂತ ಈ ಒಗಟೇ ದೊಡ್ಡದಾಗಿತ್ತು. ಥರ್ಮೋಸ್ಟಾಟ್ ಬದಲಿಸಿದೆ. ಅಣ್ಣ ಥರ್ಮಾಮೀಟರನ್ನು ತಪ್ಪಾಗಿ ಓದುತ್ತಾನೆಯೇ ಎಂದು ಪರೀಕ್ಷೆ ಮಾಡಿದೆ, ಬೇಸರ ಮಾಡಿಕೊಂಡ. ಕಿಟಕಿಯ ಹೊರಗೆ ಮಶೀನಿನ ಬುಡದಲ್ಲಿ ಒಂದು ಬಕೆಟ್ಟು ಇಟ್ಟದ್ದು ಪ್ರತಿ ಸಲವೂ ಕಂಡಿದ್ದೆ. ಬೇಸಿಗೆ, ಕಾಲೊನಿಯಲ್ಲಿ ನೀರಿಗೆ ತತ್ವಾರ, ಹಿಡಿದಿಟ್ಟುಕೊಳ್ಳುತ್ತಾರೆ ಎಂದು ದಾಟಿ ಹೋಗಿದ್ದೆ. ಎಸಿಯ ಮೈಯಲ್ಲಿ ಗಾಳಿಯ ತೇವ ಹನಿಗಟ್ಟಿ ಹೊರಗೆ ಸೋರುವುದು ನಮಗೆ ದಿನದ ಮಾತು. ಅದರ ಬಗ್ಗೆ ಯಾರಿಗಾದರೂ ಏನಾದರೂ ಅನ್ನಿಸಬಹುದು ಎಂಬುದೇ ಹೊಳೆದಿರಲಿಲ್ಲ.

ಒಂದು ದಿನ ಅಂಕೋಲೆಯಲ್ಲಿ ಫ್ರಿಜ್ಜೊಂದರ ಕೆಲಸವಿತ್ತು. ಸ್ಕೂಟರ್ ಗ್ಯಾರೇಜಿನಲ್ಲಿತ್ತು, ಬಸ್ಸಿನಲ್ಲಿ ಹೋಗಿದ್ದೆ. ಬರುವಾಗ ಕಾಲೊನಿಯ ಕ್ರಾಸಿನಲ್ಲಿ ಇಳಿದು, ಮೊದಲೇ ತಿಳಿಸದೆ, ನಡೆದು ಹೋದೆ. ಮಧ್ಯಾಹ್ನ. ಮನೆಯ ಬಾಗಿಲು ತೆಗೆದಿತ್ತು. ತಮ್ಮನ ಕೋಣೆಯ ಬಾಗಿಲೂ ತೆಗೆದಿತ್ತು. ತೆಗೆದದ್ದಷ್ಟೇ ಅಲ್ಲ, ಗಾಳಿಗೆ ಮುಚ್ಚಿಕೊಳ್ಳದ ಹಾಗೆ ಕತ್ತದ ಹಗ್ಗದಿಂದ ಹೊರಕೋಣೆಯ ಕಿಟಕಿ ಸರಳಿಗೆ ಬಿಗಿದಿತ್ತು. ಎಸಿ ಜೋರಾಗಿ ತಿರುಗುತ್ತಿತ್ತು. ಮಂಚವನ್ನು ಬಾಗಿಲಿನ ಕಡೆ ತಿರುಗಿಸಿದ್ದರು.

ಆಯಿ ನನ್ನನ್ನು ಕಂಡವರೇ ಹಗ್ಗ ಬಿಚ್ಚಲು ಓಡಿದರು. "ಸ್ಕೂಟರ್ ಸದ್ದೇ ಆಗಲಿಲ್ಲಲ ಮಿಸ್ತ್ರಿ! ಅಳತೆ ಮಾಡೂದಾ? ತಡೆ, ಬಾಗ್ಲ ಹಾಕ್ತೆ."

"ಬಾಗಿಲು ಯಾಕೆ ಕಟ್ಟಿದ್ದೀರಿ ಆಯಿ?"

"ನೀರು ಬರೂಕೆ."

"ಯಾವ ನೀರು?"

"ಇವಂದು." ಗಲ್ಲದಿಂದ ಮಗನನ್ನು ತೋರಿಸಿದರು. "ಇವಂಗೆ ಬೆವರು ಬರೂದಿಲ್ಲ ಅಂತ ಡಾಕ್ಟರು ಹೇಳೀರಲ್ಲ. ಒಳಗೇ ನಿಂತು ಜ್ವರ ಆಗ್ತದೆ. ನಿನ್ನ ಮಶೀನು ಅದ್ನ ಎಳ್ದು ಹೊರಗೆ ಹಾಕ್ತದೆ. ಬಾಗ್ಲ ಹಾಕಿದ್ರೆ ದಿನಕ್ಕೆ ಅರ್ಧ ಬಕೆಟ್. ತೆಗ್ದ್ರೆ ಒಂದೂವರೆ. ನಾ ನಾಲ್ಕು ದಿನ ಹಾಕಿ ತೆಗ್ದು ನೋಡೇನೆ. ತೆಗ್ದ್ರೇ ರಾಶಿ ಬರೂದು. ದೊಡ್ಡಂವ ಬಂದು ಅಳತೆ ಮಾಡೂ ಹೊತ್ತಿಗೆ ಹಾಕ್ತೆ."

ನಾನು ಅಲ್ಲೇ ಹೊಸ್ತಿಲ ಮೇಲೆ ಕೂತುಬಿಟ್ಟೆ. ಅಂಕಿಗಳು ಸರಿ. ಬಾಗಿಲು ತೆಗೆದರೆ ಹೊರಗಿನ ಒದ್ದೆ ಗಾಳಿ ಒಳಗೆ ಬರುತ್ತದೆ. ಮಶೀನಿನ ಶಕ್ತಿಯೆಲ್ಲ ಆ ಗಾಳಿಯ ನೀರು ಹಿಂಡುವುದಕ್ಕೆ ಹೋಗುತ್ತದೆ, ಕೋಣೆ ಬಿಸಿಯಾಗಿಯೇ ಉಳಿಯುತ್ತದೆ. ನಾನು ಮೂರು ವಾರ ಹುಡುಕಿದ ಉತ್ತರವನ್ನು ಅವರು ಬಕೆಟ್ಟಿನಲ್ಲಿ ಅಳೆದು ಇಟ್ಟಿದ್ದರು. ಅಳತೆಯಲ್ಲಿ ತಪ್ಪಿರಲಿಲ್ಲ. ನೀರು ಯಾರದು ಎಂಬುದರಲ್ಲಿತ್ತು ತಪ್ಪು, ಮತ್ತು ಆ ತಪ್ಪಿಗೆ ಮಗನ ಮೈ ದಿನವೂ ಕಾಯುತ್ತಿತ್ತು.

ಗಾಳಿ, ತೇವ, ತಣ್ಣನೆಯ ಕಾಯಿಲು ಎಂದೆಲ್ಲ ಹೇಳಿದೆ. ಆಯಿ ಗೌರವದಿಂದ ಕೇಳಿದರು, ನಂಬಲಿಲ್ಲ. ಮುಂದೆ ನಡೆದದ್ದಕ್ಕೆ ಎರಡು ಬಗೆಯ ಕಥೆಗಳಿವೆ. ಅಂಗಡಿಯಲ್ಲಿ ಗಿರಾಕಿಗಳಿಗೆ ಹೇಳುವಾಗ ನಾನು "ಬೇಕಾದರೆ ರುಚಿ ನೋಡಿ ಆಯಿ" ಎನ್ನುತ್ತೇನೆ. ತಮ್ಮನ ಪ್ರಕಾರ ನಾನು ಬಾಯಿ ತೆರೆಯಲೇ ಇಲ್ಲ. ಮಗನನ್ನು ಹೊರಗೆ ಮಲಗಿಸಿ ಖಾಲಿ ಕೋಣೆಯಲ್ಲಿ ಮಶೀನು ಓಡಿಸಿ ತೋರಿಸುವ ದೊಡ್ಡ ಯೋಜನೆಯೊಂದನ್ನು ಕಾಗದದ ಮೇಲೆ ಗೀಚುತ್ತಿದ್ದೆನಂತೆ. ನೋಟ್‌ಬುಕ್ಕಿನಲ್ಲಿ ಅಂಥ ಗೀಚು ಇದೆ. ಹಾಗಾದರೆ ತಮ್ಮನದೇ ನಿಜ.

ಆಯಿ ಎದ್ದು ಹೊರಗೆ ಹೋಗಿ, ಬಕೆಟ್ಟಿನಲ್ಲಿ ಬೆರಳದ್ದಿ ನಾಲಿಗೆಗೆ ಮುಟ್ಟಿಸಿದರು. ಮತ್ತೊಮ್ಮೆ ಅದ್ದಿದರು.

"ಉಪ್ಪಿಲ್ಲ," ಎಂದರು. ಬಕೆಟ್ಟನ್ನು ಹಿಡಿದುಕೊಂಡೇ, "ಬೆವರಲ್ಲ ಇದು."

ಒಳಗಿನಿಂದ ತಮ್ಮ: "ನನ್ನ ಬೆವರು ಅಷ್ಟು ಸಪ್ಪೆ ಅಲ್ಲ ಆಯಿ."

"ನಿಂಗೆ ಗೊತ್ತಿತ್ತನಾ?"

"ಅನುಮಾನ ಇತ್ತು."

"ಮತ್ತೆ ಹೇಳೂಕೆ ಎಂತಾಗಿತ್ತು ನಿಂಗೆ? ಬಾಯಿ ಬಿದ್ದಿತ್ತಾ? ನಿತ್ಯ ಜ್ವರ ಬರ್ತಿತ್ತಲ್ಲೋ!"

ತಮ್ಮ ಸ್ಲ್ಯಾಬಿನ ಕಡೆ ನೋಡುತ್ತ ಹೇಳಿದ: "ಹೇಳಿದ್ರೆ ನೀ ಬಾಗ್ಲ ಹಾಕ್ತಿದ್ದೆ. ಕಿಟಕಿ ಮಿಸ್ತ್ರಿ ತಗಂಡ. ಬಾಗ್ಲೂ ಹೋದ್ರೆ ನಾ ಗ್ವಾಡೆ ನೋಡ್ತಾ ಮನಗೂದಾ? ಇಲ್ಲಿಂದ ಬಸ್ಸಾದ್ರೂ ಕಾಣ್ತದೆ."

ರಸ್ತೆಗಾಗಿ ಒಬ್ಬ ಮನುಷ್ಯ ನೂರಾ ಒಂದು ಡಿಗ್ರಿಯನ್ನು ಒಪ್ಪಿಕೊಂಡಿದ್ದ. ವಿಂಡೋ ಕೂರಿಸಿದ ದಿನವೇ ಅವನು ಅದನ್ನು ನನಗೆ ಹೇಳಿದ್ದ, ನಾನು ನಕ್ಕಿದ್ದೆ.

"ಹಂಗಾರೆ ಯಾರ್ದು ಈ ನೀರು?" ಆಯಿ ಬಕೆಟ್ಟನ್ನು ಬಿಟ್ಟಿರಲಿಲ್ಲ.

"ಗಾಳಿಯದು. ಸಮುದ್ರದಿಂದ ಬಂದದ್ದು."

"ಸಮುದ್ರದ್ದಾದ್ರೂ ಉಪ್ಪಿರ್ಬೇಕಲ್ಲ?"

ಅಂಕೋಲೆಯಾಚೆಯ ಉಪ್ಪಿನ ಆಗರಗಳು ನೆನಪಾದವು. "ಆಗರದಲ್ಲಿ ಏನಾಗುತ್ತದೆ ಆಯಿ? ನೀರು ಮೇಲೆ ಹೋಗುತ್ತದೆ, ಉಪ್ಪು ಕೆಳಗೆ ಉಳಿಯುತ್ತದೆ. ಹಾಗೆ ಮೇಲೆ ಹೋದ ನೀರು ಇದು."

"ಹಾಂ," ಎಂದರು. ಅಷ್ಟೇ. ನನ್ನ ಅರ್ಧ ಗಂಟೆಯ ವಿವರಣೆ ಮಾಡದ್ದನ್ನು ಆಗರ ಮಾಡಿತು.

ಅಂದು ರಾತ್ರಿಯೂಟಕ್ಕೆ ಮೊದಲೇ ಅಣ್ಣನಿಗೆ ಫೋನು ಮಾಡಿ ನನ್ನ ಮಾತನ್ನು ವಾಪಸು ತೆಗೆದುಕೊಂಡೆ. ವಿಂಡೋ ಬೇಡ, ಸ್ಪ್ಲಿಟ್. ಅವನು ಸುಮ್ಮನೆ ಬಿಡಲಿಲ್ಲ.

"ಮಿಸ್ತ್ರಿ, ಸ್ಪ್ಲಿಟ್ಟು ಉಪ್ಪಿಗೆ ತಡೀತಿಲ್ಲ, ಜಾಯಿಂಟ್ ಲೀಕ್ ಆಗ್ತದೆ ಅಂದಂವ ನೀನೇ ಅಲ್ವನಾ?"

"ನಾನೇ."

"ಈಗ ತಡೀತದ್ಯಾ?"

"ತಡೆಯುತ್ತದೆ ಅಂತ ಹೇಳೂದಿಲ್ಲ. ಆದರೆ ಮುಚ್ಚಿದ ಬಾಗಿಲೊಳಗೆ ಅವನು ಇರುವ ಹಾಗೆ ಮಾಡದಿದ್ದರೆ ಯಾವ ಮಶೀನೂ ನಡೆಯೂದಿಲ್ಲ. ಕಿಟಕಿ ಅವನಿಗೆ ಬೇಕು. ಉಪ್ಪಿನ ಜವಾಬ್ದಾರಿ ನನ್ನದು."

ಕೊನೆಯ ವಾಕ್ಯ ಹೇಳಿದ ಮೇಲೆ ನನಗೇ ಹೆದರಿಕೆಯಾಯಿತು. "ಹಾಕು ಹಂಗಾರೆ," ಎಂದ ಅಣ್ಣ.

ಕೆಲಸಕ್ಕೆ ಎರಡು ದಿನ ಹಿಡಿಯಿತು. ಕಿಟಕಿಯ ಮರದ ಬಾಗಿಲು ಬಿಚ್ಚಿಸಿ, ಅಂಕೋಲೆಯ ಬಡಗಿಯಿಂದ ಒಂದೇ ಗಾಜಿನ ಚೌಕಟ್ಟು ಮಾಡಿಸಿ, ಸಂದಿಗೆ ರಬ್ಬರು ಕೊಟ್ಟೆ. ಒಳಗಿನ ಡಬ್ಬವನ್ನು ಗಾಳಿ ನೇರ ಮೈಮೇಲೆ ಬೀಳದ ಹಾಗೆ ಕಾಲಿನ ಕಡೆಯ ಗೋಡೆಗೆ ಏರಿಸಿದೆ. ಹೊರಗಿನದನ್ನು ಕಡಲಿಗೆ ಬೆನ್ನು ಮಾಡಿದ ಪೂರ್ವದ ಗೋಡೆಗೆ, ಮಡಲಿನ ನೆರಳಿನಲ್ಲಿ ಕೂರಿಸಿದೆ. ಪೈಪು ಆದಷ್ಟು ಗಿಡ್ಡ. ಜಾಯಿಂಟುಗಳಿಗೆ ಸಾಬೂನು ನೀರು ಹಚ್ಚಿ ಗುಳ್ಳೆ ಏಳುತ್ತದೆಯೇ ನೋಡಿ, ಗ್ರೀಸು ಮೆತ್ತಿ ಟೇಪು ಸುತ್ತಿದೆ. ಈ ಸಲ ಹೇಳಬೇಕಾದ್ದನ್ನೆಲ್ಲ ಆಯಿಗೇ ಹೇಳಿದೆ. ಹದಿನೈದು ದಿನಕ್ಕೊಮ್ಮೆ ಮೇನ್ ಸ್ವಿಚ್ ಆಫ್ ಮಾಡಿ ಹೊರಗಿನ ಡಬ್ಬದ ಹಿಂಬದಿಗೆ ಸಿಹಿನೀರು ಮೆಲ್ಲಗೆ ಸುರಿಯಬೇಕು, ಉಪ್ಪು ತೊಳೆದು ಹೋಗುವ ಹಾಗೆ. ಬಾಗಿಲು ನಾನಿದ್ದಾಗಲೂ ಇಲ್ಲದಾಗಲೂ ಮುಚ್ಚಿರಬೇಕು.

ಒಂದು ವಾರದ ಮೇಲೆ ಅಣ್ಣನ ಅಂಕಿ 26. ಮಳೆಗಾಲ ಬಂತು. ನಾನು ಬೇರೆ ಕೆಲಸಗಳಲ್ಲಿ ಮುಳುಗಿದೆ.

ಮರುವರ್ಷ ಏಪ್ರಿಲಿನಲ್ಲಿ ಸರ್ವಿಸಿಗೆ ಹೋದಾಗ, ಹೊರಗಿನ ಡಬ್ಬದ ಜಾಲರಿ ಬಿಚ್ಚುವ ಮೊದಲು ಕಣ್ಣು ಮುಚ್ಚಿಕೊಳ್ಳಬೇಕೆನ್ನಿಸಿತು. ಆ ವರ್ಷ ಕಾರವಾರದಲ್ಲಿ ನಾನು ಬಿಚ್ಚಿದವುಗಳಲ್ಲಿ ಹೆಚ್ಚಿನವು ಬೆರಳು ತಾಗಿದರೆ ಉದುರುತ್ತಿದ್ದವು. ಇದು ಉದುರಲಿಲ್ಲ. ಎಲೆಗಳ ಅಂಚು ಸ್ವಲ್ಪ ಮಂಕಾಗಿತ್ತು, ಅಷ್ಟೇ.

"ಎಷ್ಟು ದಿನಕ್ಕೊಮ್ಮೆ ನೀರು ಹಾಕ್ತೀರಿ ಆಯಿ?"

"ವಾರಕ್ಕೊಮ್ಮೆ. ಬಾವಿ ನೀರು ಹಾಕಲಿಲ್ಲ ಮತ್ತೆ. ಬೇಸಿಗೇಲಿ ಬಾವಿ ನೀರೇ ಉಪ್ಪು." ಒಳಗಿನ ಡಬ್ಬದ ಪೈಪಿನ ಕೆಳಗೆ ಅದೇ ಹಳೆಯ ಬಕೆಟ್ಟಿತ್ತು. "ಇದ್ರದ್ದೇ ನೀರು ಇದ್ಕೇ ಹಾಕೂದು. ಉಪ್ಪಿಲ್ಲ ಅಂತ ನಾ ನೆಕ್ಕಿ ನೋಡೇನಲ್ಲ."

ಈ ಉಪಾಯ ನನಗೆ ಹೊಳೆದಿರಲಿಲ್ಲ. ಈಗ ಕಾರವಾರದಲ್ಲಿ ಎಲ್ಲರಿಗೂ ನನ್ನದೇ ಎಂಬಂತೆ ಹೇಳುತ್ತೇನೆ.

"ದಿನಕ್ಕೆ ಅರ್ಧ ಬಕೆಟ್ ಬರ್ಬೇಕು," ಆಯಿ ಮುಂದುವರಿಸಿದರು. "ಹೆಚ್ಚು ಬಂದ್ರೆ ಯಾರೋ ಬಾಗ್ಲ ತೆಗ್ದು ಮಾತಾಡ್ತಾ ಕೂತೀರು ಅಂತ ಲೆಕ್ಕ. ಮೊನ್ನೆ ಇವ್ನ ದೋಸ್ತರು ಬಂದಿರು. ಮುಕ್ಕಾಲು! ಬೈದು ಕಳ್ಸಿದೆ."

ನೋಟ್‌ಬುಕ್ಕು ತಂದು ಕೊಟ್ಟರು. ನಾನು ಬಿಟ್ಟು ಹೋದ ಗೆರೆಗಳು ಮುಗಿದಲ್ಲಿ ಕೈಯಿಂದ ಎಳೆದ ಸೊಟ್ಟ ಗೆರೆಗಳು, ಪುಟಗಟ್ಟಲೆ. ಮೈ 98.8. ಮೈ 99. ಮೈ 98.6. ಎಲ್ಲವೂ ಮರಾಠಿ ಅಂಕಿಗಳಲ್ಲಿ. ಆಯಿ ಹುಡುಗಿಯಾಗಿದ್ದಾಗ ಎರಡು ವರ್ಷ ಮರಾಠಿ ಶಾಲೆಗೆ ಹೋಗಿದ್ದರಂತೆ. ಅದನ್ನೂ ಅಂದೇ ಕೇಳಿ ತಿಳಿದೆ, ಒಂದು ವರ್ಷ ತಡವಾಗಿ. ಆದರೂ ಮೊದಲ ಪುಟದ ಮೂರನೆಯ ಅಂಕಿಯನ್ನು ಇವುಗಳ ಪಕ್ಕ ಇಟ್ಟು ನೋಡಿದ್ದು ಇದನ್ನು ಬರೆಯಲು ಕೂತ ಮೇಲೆಯೇ. ಒಂದೇ ಕೈ. ನರ್ಸು ಈಗ ಹೋಗಬಹುದು.

ಸರ್ವಿಸ್ ಮುಗಿಸಿ ಒಳಗೆ ಹೋದೆ. ತಮ್ಮ ಗಾಜಿನಾಚೆ ನೋಡುತ್ತಿದ್ದ. ರಸ್ತೆಯಲ್ಲಿ ಯಾರೋ ಸೈಕಲ್ಲಿಳಿದು ಅವನತ್ತ ಕೈಯೆತ್ತಿದರು, ಇವನು ಗಲ್ಲ ಎತ್ತಿದ. ನಾನು ತೆರೆದ ಬಾಗಿಲ ಹೊಸ್ತಿಲಲ್ಲೇ ನಿಂತು, ತಂಪು ಸಾಕೇ, ಸದ್ದು ಮಾಡುತ್ತದೆಯೇ ಎಂದೆಲ್ಲ ಕೇಳುತ್ತಿದ್ದೆ.

ಅವನು ತಲೆ ತಿರುಗಿಸಲಿಲ್ಲ.

"ಬಾಗ್ಲ ಹಾಕು ಮಿಸ್ತ್ರಿ," ಎಂದ. "ನನ್ನ ಬೆವರು ಹೆಚ್ಚಾದ್ರೆ ಆಯಿ ಬೈತದೆ."